ಮೊದಲು ಹೌಸಿಂಗ್ ನೋಡಿ, ಆಮೇಲೆ ಕ್ಯಾಮೆರಾ

ನೀರಿನೊಳಗಿನ ಫೋಟೋ ಅಂದರೆ ಪ್ರವಾಸಿಗರ ಶೋಕಿ ಎಂದು ನಮ್ಮ ಡೆಸ್ಕಿನವರು ಈಗಲೂ ಅಂದುಕೊಂಡಿದ್ದಾರೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ಅಂದರೆ ಸ್ಕೂಬಾ, ಸ್ಕೂಬಾ ಅಂದರೆ ವಾರಾಂತ್ಯದ ಪುರವಣಿ. ಆದರೆ ಹವಳಕ್ಕೆ ಬಲೆ ಸುತ್ತಿಕೊಂಡರೆ ಅದು ಸುದ್ದಿಯೇ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಬಳಚು ಹೆಕ್ಕುವವರ ಬದುಕು ಅಲ್ಲಿ ನಡೆಯುವುದು ನೀರಿನ ಅಡಿಯಲ್ಲಿ. ನಾವು ಕಳಿಸುವ ಚಿತ್ರ ಮಾತ್ರ ದಂಡೆಯ ಮೇಲೆ ನಿಂತು ತೆಗೆದದ್ದು. ಕೆಳಗೆ ಏನಾಗಿದೆ ಎಂಬುದಕ್ಕೆ ಅಧಿಕಾರಿಯ ಹೇಳಿಕೆ ಬಿಟ್ಟರೆ ನಮ್ಮ ಬಳಿ ಬೇರೆ ಸಾಕ್ಷಿ ಇರುವುದಿಲ್ಲ.

ಹಾಗಾಗಿ ಕರಾವಳಿಯ ಸ್ಟ್ರಿಂಗರ್‌ಗಳಿಗೆ ಇಂಥದ್ದೊಂದು ಕ್ಯಾಮೆರಾ ಬೇಕು ಎಂಬುದು ನಮ್ಮ ವಾದ. ಬೇಕಿರುವುದು ದೊಡ್ಡದಲ್ಲ. ಬಿಡಿ ಫೋಟೋಗೆ ಪತ್ರಿಕೆ ಕೊಡುವ ದುಡ್ಡು ಎಷ್ಟೆಂದು ನಮಗೆಲ್ಲ ಗೊತ್ತು. ಹೆಚ್ಚಿನವರ ಡಿಎಸ್‌ಎಲ್‌ಆರ್ ಮದುವೆ ಸೀಸನ್ನಿನಲ್ಲಿ ಮನೆ ನಡೆಸುವ ಕ್ಯಾಮೆರಾ. ಅದನ್ನೇ ನೀರಿಗಿಳಿಸುವ ಆಸೆ ಬೇಡ. ಅದಕ್ಕೆ ಹೊಂದುವ ಅಲ್ಯೂಮಿನಿಯಂ ಹೌಸಿಂಗ್‌ನ ಬೆಲೆ ಎಷ್ಟೋ ಸಲ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. ಹೌಸಿಂಗ್ ಆಯಾ ಮಾದರಿಗೇ ಅಚ್ಚು ಹಾಕಿದ್ದು. ಕ್ಯಾಮೆರಾ ಕೆಟ್ಟು ಹೊಸ ಮಾದರಿ ತಂದರೆ ಹಳೆಯ ಹೌಸಿಂಗ್ ಅಟ್ಟಕ್ಕೆ.

ಮೊದಲು ಕೇಳಬೇಕಾದ್ದು ಎಷ್ಟು ಆಳ ಎಂದು. ಪ್ರತಿ 10 ಮೀಟರ್‌ಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ 10 ಮೀಟರ್‌ನಲ್ಲಿ ಮೇಲಿದ್ದದ್ದರ ಎರಡು ಪಟ್ಟು. ಐಪಿ68 ಎಂದು ಬರೆದ ಮೊಬೈಲ್ ಅನ್ನು ಪರೀಕ್ಷಿಸಿರುವುದು ಕಡಿಮೆ ಆಳದ ನಿಂತ ಸಿಹಿನೀರಿನಲ್ಲಿ, ನಿಮಿಷಗಳ ಲೆಕ್ಕದಲ್ಲಿ. ಉಪ್ಪುನೀರಿಗೆ ಆ ಭರವಸೆ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೂ ಮುಳುಗಿದ ಮೇಲೆ ಟಚ್ ಸ್ಕ್ರೀನ್ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಗೋಪ್ರೊದ ಈಚಿನ ಹೀರೋ ಕ್ಯಾಮೆರಾಗಳಲ್ಲಿ ಹೆಚ್ಚಿನವು ಹೌಸಿಂಗ್ ಇಲ್ಲದೆ 10 ಮೀಟರ್ ತಡೆಯುತ್ತವೆ. ಅಘನಾಶಿನಿಯಂಥ ಅಳಿವೆಗೆ ಇದು ಧಾರಾಳ ಸಾಕು. ಸ್ಕೂಬಾದಲ್ಲಿ ಹೊಸಬರನ್ನೇ 12 ಮೀಟರ್‌ವರೆಗೆ ಕರೆದೊಯ್ಯುವುದುಂಟು, ಆಗ ಸಾಲದು. ಕಂಪನಿಯದೇ ಹೌಸಿಂಗ್ ಹಾಕಿದರೆ 60 ಮೀಟರ್. ವಿಡಿಯೊಗೆ, ಅಗಲವಾದ ನೋಟಕ್ಕೆ ಇದು ಒಳ್ಳೆಯದು. ಬೆರಳಿನಷ್ಟು ಸಣ್ಣ ಜೀವಿಯನ್ನು ಹತ್ತಿರದಿಂದ ತೆಗೆಯಲು ಇದರ ಫೋಕಸ್ ಒಗ್ಗುವುದಿಲ್ಲ. ಅದಕ್ಕೆ ಒಲಿಂಪಸ್ ಟಿಜಿ-6 ಅಥವಾ ಅದರ ನಂತರದ ಓಎಂ ಸಿಸ್ಟಂ ಟಿಜಿ-7 ಸರಿ. ಇವು ತಾವಾಗಿಯೇ 15 ಮೀಟರ್, ಹೌಸಿಂಗ್‌ನಲ್ಲಿ 45 ಮೀಟರ್ ಇಳಿಯುತ್ತವೆ. 1 ಸೆಂ.ಮೀ. ಹತ್ತಿರಕ್ಕೂ ಫೋಕಸ್ ಆಗುತ್ತವೆ. ಒಂದನ್ನೇ ಕೊಳ್ಳುವುದಾದರೆ ನಾವು ಟಿಜಿ ಸಾಲಿನದನ್ನೇ ಆರಿಸುತ್ತೇವೆ, ಹೌಸಿಂಗ್ ಸಮೇತ. ಕ್ಯಾಮೆರಾವೇ ನೀರು ತಡೆಯುವುದರಿಂದ ಹೌಸಿಂಗ್ ತುಸು ಸೋರಿದರೂ ಎಲ್ಲ ಮುಗಿದುಹೋಗುವುದಿಲ್ಲ.

ಮೆಗಾಪಿಕ್ಸೆಲ್ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು. ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಣ್ಣ ಮಾಯವಾಗಿ ಎಲ್ಲವೂ ನೀಲಿ-ಹಸಿರು ಆಗುತ್ತದೆ. ಚಪ್ಪಟೆ ಗಾಜಿನ ಹೌಸಿಂಗ್‌ನಲ್ಲಿ 28 ಎಂಎಂ ಲೆನ್ಸ್ ಸುಮಾರು 37 ಎಂಎಂನಂತೆ ವರ್ತಿಸುತ್ತದೆ, ನೋಟ ಕಿರಿದಾಗುತ್ತದೆ. ಹಾಗೆಂದು ಹಿಂದೆ ಸರಿದರೆ ನಡುವೆ ಇನ್ನಷ್ಟು ಕದಡಿದ ನೀರು. ಆದ್ದರಿಂದ ಅಗಲ ನೋಟದ ಲೆನ್ಸ್ ಇಟ್ಟುಕೊಂಡು ಹತ್ತಿರ ಹೋಗುವುದೊಂದೇ ದಾರಿ. ದುಡ್ಡು ಉಳಿದರೆ ದೀಪಕ್ಕೆ ಹಾಕಿ. ಅದನ್ನು ಲೆನ್ಸಿನ ಪಕ್ಕದಲ್ಲೇ ಕಟ್ಟಬೇಡಿ, ನೀರಿನ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆ ಬೀಳುತ್ತವೆ. ತೋಳಿನಂಥ ಹಿಡಿಕೆಯಲ್ಲಿ ಪಕ್ಕಕ್ಕೆ ದೂರ ಇಡಿ.

ಹೌಸಿಂಗ್ ಉಳಿಯುವುದು ಅದರ ರಬ್ಬರ್ ಉಂಗುರದಿಂದ. ಒಂದು ಮರಳಿನ ಕಣ, ಒಂದು ಕೂದಲೆಳೆ ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ದೋಣಿಯಲ್ಲಿ ತೆರೆಯಬೇಡಿ, ಮನೆಯಲ್ಲೇ ಮುಚ್ಚಿಕೊಂಡು ಹೋಗಿ. ಮೊದಲ ಸಲ ಕ್ಯಾಮೆರಾ ಇಲ್ಲದ ಖಾಲಿ ಹೌಸಿಂಗ್ ಅನ್ನೇ ಮುಳುಗಿಸಿ ನೋಡಿ. ವಾಪಸ್ ಬಂದ ಮೇಲೆ ಬಕೆಟ್ ಸಿಹಿನೀರಿನಲ್ಲಿ ನೆನೆಸಿಡಿ. ಉಪ್ಪು ಒಣಗಿದರೆ ಬಟನ್ ಬಿಗಿಯುತ್ತದೆ.

ಇಷ್ಟೆಲ್ಲ ಆದರೂ ಒಬ್ಬ ಸ್ಟ್ರಿಂಗರ್ ಇದಕ್ಕಾಗಿ ಸಾಲ ಮಾಡುವುದನ್ನು ನಾವು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವಂತಿಲ್ಲ, ಉಳಿದ ತಿಂಗಳಲ್ಲೂ ದಿನಾ ಬೇಕಾಗುವ ಸಾಮಾನಲ್ಲ. ನಾಲ್ಕೈದು ತಾಲೂಕಿನವರು ಸೇರಿ ಒಂದು ಸೆಟ್ ಕೊಂಡರೆ ಸಾಕು, ಬೇಕಾದವರು ಒಯ್ಯಲಿ. ಈಜು ಬಾರದವರು, ತೇಲುವಿಕೆ ಹಿಡಿತಕ್ಕೆ ಬಾರದವರು ಕ್ಯಾಮೆರಾ ಹಿಡಿದು ಇಳಿಯಬಾರದು. ಹವಳದ ಸುದ್ದಿ ಮಾಡಲು ಹೋಗಿ ಹವಳವನ್ನೇ ತುಳಿದು ಬಂದರೆ ಅದಕ್ಕಿಂತ ನಾಚಿಕೆಗೇಡು ಇಲ್ಲ. ಅಂಥವರು ಮುಳುಗು ಹಾಕಿ ಬಳಚು ತೆಗೆಯುವವರ ಕೈಗೆ ಕ್ಯಾಮೆರಾ ಕೊಡಲಿ, ಚಿತ್ರದ ಕೆಳಗೆ ಅವರ ಹೆಸರು ಹಾಕಲಿ, ಬರುವ ದುಡ್ಡಿನಲ್ಲಿ ಪಾಲನ್ನೂ ಕೊಡಲಿ.