ಮಕ್ಕಳ ತಪ್ಪಿಗೆ ಗುರುಗಳ ಕಲಿಕೆಯೇ ಮದ್ದು

ಬ್ಯಾಂಕ್ ಉದ್ಯೋಗದ ನಿಮಿತ್ತ ಕೊಚ್ಚಿಯಲ್ಲಿ ನೆಲೆಸಿರುವ ನಮ್ಮಂಥವರು ರಜಾದಿನಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಕುಳಿತಾಗ ಮತ್ತೆ ಮತ್ತೆ ಎದುರಾಗುವ ವಾಕ್ಯವೊಂದಿದೆ: ‘ಅಜ್ಜಿ ಬಂದನು’. ನಾವು ಕೆಂಪು ಶಾಯಿಯಲ್ಲಿ ‘ಬಂದಳು’ ಎಂದು ತಿದ್ದುತ್ತೇವೆ. ಮುಂದಿನ ವಾರ ಅದೇ ತಪ್ಪು ಮರುಕಳಿಸುತ್ತದೆ. ಮಗುವಿಗೆ ಗಮನವಿಲ್ಲವೆಂದು ಗದರುತ್ತೇವೆ. ಆದರೆ ತಪ್ಪಿನ ಮೂಲ ಮಗುವಿನ ಅಲಕ್ಷ್ಯದಲ್ಲಿಲ್ಲ. ಅದರ ಕಿವಿಗೆ ನಿತ್ಯ ಬೀಳುವ ಭಾಷೆಯಲ್ಲಿದೆ.

ಮಲಯಾಳದಲ್ಲಿ ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಕರ್ತೃ ಯಾರೇ ಆದರೂ ಕ್ರಿಯಾಪದ ಒಂದೇ. ಕನ್ನಡದಲ್ಲಾದರೋ ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗಬೇಕು. ಈ ವ್ಯತ್ಯಾಸವನ್ನು ಅರಿತ ಶಿಕ್ಷಕನು ಎರಡೂ ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಹತ್ತು ನಿಮಿಷದಲ್ಲಿ ವಿಷಯ ತಿಳಿಯಾಗುತ್ತದೆ. ಅರಿಯದವನು ವರ್ಷವಿಡೀ ತಿದ್ದುತ್ತಲೇ ಇರಬೇಕಾಗುತ್ತದೆ.

ನಮಗೆ ಇದು ವಾರಾಂತ್ಯದ ಪೇಚಾಟ ಮಾತ್ರ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಇಡೀ ಶಿಕ್ಷಣದ ಪ್ರಶ್ನೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಆ ನಾಡಿನ ಶಾಲೆಗಳ ಪಠ್ಯಪುಸ್ತಕ, ನೇಮಕಾತಿ, ತರಬೇತಿಗಳೆಲ್ಲ ತಿರುವನಂತಪುರದಲ್ಲಿ ನಿರ್ಧಾರವಾಗುತ್ತವೆ. 2017ರ ಕಾನೂನು ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದುದು ಓದುಗರಿಗೆ ನೆನಪಿರಬಹುದು. ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದಾಗಲೂ ಪ್ರತಿಭಟನೆಗಳು ನಡೆದಿವೆ; ವಿವಾದಗಳು ಕೊಚ್ಚಿಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿವೆ.

ಈ ಹೋರಾಟ ನ್ಯಾಯಸಮ್ಮತವಾದುದೇ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಆದರೆ ನಮ್ಮ ಚರ್ಚೆ ‘ಶಿಕ್ಷಕರಿಗೆ ಕನ್ನಡ ಬರುತ್ತದೆಯೇ’ ಎಂಬಲ್ಲಿಗೆ ನಿಂತುಬಿಡುತ್ತದೆ. ಕನ್ನಡ ಬಂದ ಮಾತ್ರಕ್ಕೆ ಅದರ ವ್ಯಾಕರಣವನ್ನು ಕಲಿಸಲು ಬರುತ್ತದೆಯೇ ಎಂಬ ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ಕಾಸರಗೋಡಿನ ಒಂದು ತರಗತಿಯಲ್ಲಿ ತುಳು, ಕೊಂಕಣಿ, ಮಲಯಾಳ, ಹವ್ಯಕ ಕನ್ನಡಗಳನ್ನಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ನಪುಂಸಕ ಲಿಂಗದ ಪ್ರಯೋಗವಿದೆ. ‘ಅಕ್ಕ ಬಂತು’ ಎನ್ನುವ ಮಗು ಅಲ್ಲಿ ತಪ್ಪಾಡುತ್ತಿಲ್ಲ. ಗ್ರಂಥಭಾಷೆಯ ರೂಪ ಬೇರೆ ಎಂದು ವಿವರಿಸಬೇಕೇ ಹೊರತು ಅದರ ಮನೆಮಾತನ್ನು ಹಳಿಯಬಾರದು. ಇದಕ್ಕೆ ಸಹನೆಯ ಜೊತೆಗೆ ಶಾಸ್ತ್ರಜ್ಞಾನವೂ ಬೇಕು.

ಸಂಧಿ ಪಾಠವನ್ನೇ ನೋಡೋಣ. ಮಳೆ ಮತ್ತು ಕಾಲ ಸೇರಿದರೆ ಕನ್ನಡದಲ್ಲಿ ‘ಮಳೆಗಾಲ’, ಮಲಯಾಳದಲ್ಲಿ ‘ಮಳಕ್ಕಾಲಂ’. ಇಲ್ಲಿ ಕಕಾರಕ್ಕೆ ಗಕಾರ ಆದೇಶವಾದರೆ ಅಲ್ಲಿ ಕಕಾರ ದ್ವಿತ್ವವಾಗುತ್ತದೆ. ಎ. ಆರ್. ರಾಜರಾಜವರ್ಮರ ‘ಕೇರಳಪಾಣಿನೀಯ’ವು ಹೇಳುವ ಲೋಪ, ಆಗಮ, ಆದೇಶಗಳು ನಮ್ಮ ವ್ಯಾಕರಣದ ಪರಿಭಾಷೆಯೂ ಹೌದು. ಇಷ್ಟೊಂದು ಸಾಮ್ಯವಿರುವಾಗ ಒಂದು ಭಾಷೆಯ ಜ್ಞಾನ ಮತ್ತೊಂದಕ್ಕೆ ಮೆಟ್ಟಿಲಾಗಬೇಕು, ತೊಡಕಾಗಬಾರದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನದ ಅಂಗವಾದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರವು ಸೇವೆಯಲ್ಲಿರುವ ಶಿಕ್ಷಕರಿಗೆ ಹತ್ತು ತಿಂಗಳ ಅವಧಿಯಲ್ಲಿ ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳನ್ನು ಕಲಿಸುತ್ತ ಬಂದಿದೆ. ಇದು ಉಪಯುಕ್ತ ವ್ಯವಸ್ಥೆ. ಆದರೆ ಹೊಸದಾಗಿ ಭಾಷೆ ಕಲಿತವರು ಅದನ್ನೇ ಮಾಧ್ಯಮವಾಗಿಸಿ ಬೋಧಿಸಲು ಹತ್ತು ತಿಂಗಳು ಸಾಲದು. ಕನ್ನಡ ಬಲ್ಲ ಶಿಕ್ಷಕರಿಗೂ ಓದು-ಬರಹ ಕಲಿಸುವ ಕ್ರಮದಲ್ಲಿ ಪ್ರತ್ಯೇಕ ತರಬೇತಿ ಅಗತ್ಯ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದ ಡೆಬ್ರಾ ಮೈಹಿಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವು, ವ್ಯಾಕರಣವನ್ನು ಬರವಣಿಗೆಯೊಂದಿಗೆ ಬೆಸೆದು ಕಲಿಸಿದಾಗ ಮಕ್ಕಳ ಬರಹ ಸುಧಾರಿಸುತ್ತದೆಂದೂ, ಫಲಿತಾಂಶದ ಮೇಲೆ ಶಿಕ್ಷಕರ ಭಾಷಾಜ್ಞಾನವು ಪ್ರಭಾವ ಬೀರುತ್ತದೆಂದೂ ತೋರಿಸಿದೆ.

ಕೇರಳಕ್ಕೆ ಈ ಪಾಠ ಹೊಸತೇನಲ್ಲ. 1990ರ ಫೆಬ್ರವರಿಯಲ್ಲಿ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. ಮರುವರ್ಷ ಏಪ್ರಿಲ್ 18ರಂದು ಕೋಳಿಕ್ಕೋಡಿನಲ್ಲಿ ನವಸಾಕ್ಷರೆ ಚೇಲಕ್ಕೋಡನ್ ಆಯಿಷಾ ಇಡೀ ರಾಜ್ಯದ ಸಾಕ್ಷರತೆಯನ್ನು ಸಾರಿದರು. ಆ ಸಾಧನೆಯ ಹಿಂದೆ ಕಲಿಯುವವರ ಛಲದ ಜೊತೆಗೆ, ಮೊದಲು ತಾವು ತರಬೇತಿ ಪಡೆದು ಅನಂತರ ಕಲಿಸಲು ಹೊರಟ ಸಾವಿರಾರು ಸ್ವಯಂಸೇವಕರೂ ಇದ್ದರು. ಪಠ್ಯಪುಸ್ತಕಗಳಿಂದ ಮರೆಯಾಗಿದ್ದ ಮಲಯಾಳ ಅಕ್ಷರಮಾಲೆಯನ್ನು ಸಾಹಿತಿಗಳ ಒತ್ತಾಯದ ಬಳಿಕ 2022ರಲ್ಲಿ ಮರಳಿ ಸೇರಿಸಿದ್ದೂ ಇದೇ ರಾಜ್ಯ. ತನ್ನ ಭಾಷೆಯ ಬುನಾದಿಗೆ ತೋರಿದ ಈ ಕಾಳಜಿಯನ್ನು ಅದು ತನ್ನ ಕನ್ನಡ ಶಾಲೆಗಳಿಗೂ ತೋರಬೇಕು.

ಹಾಗಾದರೆ ಆಗಬೇಕಾದುದೇನು? ರಜಾ ಅವಧಿಯ ಶಿಕ್ಷಕರ ತರಬೇತಿಯಲ್ಲಿ ಕನ್ನಡ, ಮಲಯಾಳ, ತುಳುಗಳ ತೌಲನಿಕ ವ್ಯಾಕರಣಕ್ಕೆ ಸ್ಥಾನ ಬೇಕು. ಮಕ್ಕಳ ಬರಹದ ತಪ್ಪುಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಕಾರಣ ಹುಡುಕುವ ಅಭ್ಯಾಸ ಶಿಕ್ಷಕರಿಗೆ ಆಗಬೇಕು. ಸೂತ್ರದಿಂದ ಉದಾಹರಣೆಗೆ ಬರುವ ಬದಲು ಮಗುವಿನ ವಾಕ್ಯದಿಂದಲೇ ಸೂತ್ರಕ್ಕೆ ಹೋಗುವ ಕ್ರಮ ರೂಢಿಯಾಗಬೇಕು.

ಹೊರನಾಡಿನ ಸಂಘಗಳ ಹೊಣೆಯೂ ಇದೆ. ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವ ನಾವು ವರ್ಷಕ್ಕೆರಡು ದಿನ ಕಾಸರಗೋಡಿನ ಅನುಭವಿ ಅಧ್ಯಾಪಕರೊಬ್ಬರನ್ನು ಕರೆಸಿ, ನಮ್ಮ ತರಗತಿಗಳಲ್ಲಿ ಕಲಿಸುವವರಿಗೆ ಪಾಠ ಹೇಳಿಸಬಾರದೇಕೆ? ಅಂದು ಮೊದಲ ಬೆಂಚಿನಲ್ಲಿ ಕೂರಲು ನಾನು ಸಿದ್ಧ. ‘ಅಜ್ಜಿ ಬಂದನು’ ಎಂದು ಬರೆದ ಮಗುವಿಗೆ ಅದೇಕೆ ತಪ್ಪೆಂದು ಹೇಳುವ ಋಣ ನನ್ನ ಮೇಲಿನ್ನೂ ಇದೆ.