ಸಣ್ಣ ಸಂಚಾರ ಅಪರಾಧಗಳು: ವಾಸಸ್ಥಳ ದೃಢೀಕರಣ, ಪಾಸ್‌ಪೋರ್ಟ್ ಹಾಗೂ ಪೌರತ್ವದ ಅರ್ಜಿಗಳ ಮೇಲೆ ಅವುಗಳ ಪರಿಣಾಮ

1. ಪೀಠಿಕೆ

ಹಂಸಭಾವಿ, ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ ಹಾಗೂ ಸವಣೂರು ಭಾಗಗಳಿಂದ ಉದ್ಯೋಗ, ವ್ಯಾಸಂಗ ಅಥವಾ ಯಾತ್ರೆಯ ನಿಮಿತ್ತ ಹೊರದೇಶಕ್ಕೆ ತೆರಳಬಯಸುವ ಅರ್ಜಿದಾರರಲ್ಲಿ ಒಂದು ಸಂದೇಹವು ಸಾಮಾನ್ಯವಾಗಿರುತ್ತದೆ. ಹೆಲ್ಮೆಟ್ ಧರಿಸದೆ ದಂಡ ತೆತ್ತಿದ್ದರೆ ಪಾಸ್‌ಪೋರ್ಟ್ ದೊರೆಯುವುದೇ? ಹಳೆಯ ಅಪಘಾತದ ಪ್ರಕರಣವೊಂದಿದ್ದರೆ ಅದನ್ನು ಅರ್ಜಿಯಲ್ಲಿ ಬರೆಯಬೇಕೇ? ಇಂತಹ ಸಂದೇಹದಿಂದ ಕೆಲವರು ಮಧ್ಯವರ್ತಿಗಳಿಗೆ ಅನಗತ್ಯವಾಗಿ ಹಣ ತೆರುತ್ತಾರೆ. ಇನ್ನು ಕೆಲವರು ಹೇಳಲೇಬೇಕಾದ ವಿಷಯವನ್ನು ಮರೆಮಾಚಿ ತೊಂದರೆಗೆ ಒಳಗಾಗುತ್ತಾರೆ. ಆದ್ದರಿಂದ ಈ ವಿಷಯದಲ್ಲಿ ಪ್ರಸ್ತುತ ಇರುವ ಕಾನೂನಿನ ಸ್ಥಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ವಾಸಸ್ಥಳ ದೃಢೀಕರಣ ಪತ್ರ

ನಾಡಕಚೇರಿಯ ಮೂಲಕ ನೀಡಲಾಗುವ ವಾಸಸ್ಥಳ ದೃಢೀಕರಣ ಪತ್ರಕ್ಕೂ ಸಂಚಾರ ದಂಡಕ್ಕೂ ಯಾವುದೇ ಸಂಬಂಧವಿಲ್ಲ. ಅರ್ಜಿದಾರರು ಸದರಿ ಸ್ಥಳದಲ್ಲಿ ವಾಸವಾಗಿರುವರೇ ಎಂಬುದಷ್ಟೇ ಇಲ್ಲಿ ಪರಿಶೀಲನೆಯ ವಿಷಯವಾಗಿರುತ್ತದೆ. ದಂಡ ಬಾಕಿಯಿದೆ ಎಂಬ ಕಾರಣ ಹೇಳಿ ಯಾರಾದರೂ ಹಣ ಕೇಳಿದಲ್ಲಿ ಅದನ್ನು ನಂಬತಕ್ಕದ್ದಲ್ಲ.

3. ದಂಡ ತೆತ್ತು ಮುಗಿದ ಪ್ರಕರಣ

1988ರ ಮೋಟಾರು ವಾಹನಗಳ ಅಧಿನಿಯಮದ 200ನೇ ಕಲಮಿನ ಮೇರೆಗೆ ಕೆಲವು ಅಪರಾಧಗಳನ್ನು ಸ್ಥಳದಲ್ಲಿಯೇ ದಂಡ ಪಡೆದು ರಾಜಿ ಮಾಡಲು ಅವಕಾಶವಿದೆ. ಹೀಗೆ ರಾಜಿಯಾದ ಅಪರಾಧದ ಬಗ್ಗೆ ಮುಂದೆ ಯಾವುದೇ ನ್ಯಾಯಿಕ ನಡವಳಿ ಹೂಡತಕ್ಕದ್ದಲ್ಲವೆಂದು ಸದರಿ ಕಲಮೇ ಹೇಳುತ್ತದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಹೆಲ್ಮೆಟ್ ಧರಿಸದಿದ್ದಕ್ಕೆ ರೂ. 1000 ದಂಡವನ್ನು ನಿಗದಿಪಡಿಸಲಾಗಿತ್ತು. ಅದೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ರಾಜಿ ಮೊತ್ತವನ್ನು ರೂ. 500ಕ್ಕೆ ಇಳಿಸಿತು. ಇಂತಹ ದಂಡ ಪಾವತಿಸಿ ರಸೀದಿ ಪಡೆದವರು ಶಿಕ್ಷೆಗೊಳಗಾದವರೂ ಅಲ್ಲ, ಅವರ ಮೇಲೆ ಪ್ರಕರಣ ಬಾಕಿಯೂ ಇರುವುದಿಲ್ಲ. ಪಾಸ್‌ಪೋರ್ಟಿಗೆ ಇದರಿಂದ ಅಡ್ಡಿಯಿಲ್ಲ.

4. ನ್ಯಾಯಾಲಯದಲ್ಲಿ ಬಾಕಿ ಇರುವ ಪ್ರಕರಣ

ತೊಂದರೆಯು ಆರಂಭವಾಗುವುದು ಇಲ್ಲಿಯೇ. 1967ರ ಪಾಸ್‌ಪೋರ್ಟ್ ಅಧಿನಿಯಮದ 6ನೇ ಕಲಮಿನ (2)ನೇ ಉಪಕಲಮಿನ (ಎಫ್) ಖಂಡದ ಪ್ರಕಾರ, ಅರ್ಜಿದಾರರು ಮಾಡಿದರೆನ್ನಲಾದ ಅಪರಾಧದ ಬಗ್ಗೆ ಭಾರತದ ಕ್ರಿಮಿನಲ್ ನ್ಯಾಯಾಲಯದಲ್ಲಿ ನಡವಳಿ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಈ ಖಂಡದಲ್ಲಿ ದೊಡ್ಡ ಅಪರಾಧ, ಸಣ್ಣ ಅಪರಾಧ ಎಂಬ ಭೇದವಿಲ್ಲ. ಹಿಂದಿನ ಐದು ವರ್ಷಗಳಲ್ಲಿ ಶಿಕ್ಷೆಯಾದವರ ಬಗ್ಗೆ ಹೇಳುವ (ಇ) ಖಂಡವಾದರೋ ನೈತಿಕ ಅಧಃಪತನದ ಅಪರಾಧವಾಗಿರಬೇಕು, ಎರಡು ವರ್ಷಕ್ಕೆ ಕಡಿಮೆಯಿಲ್ಲದ ಕಾರಾವಾಸವಾಗಿರಬೇಕು ಎಂಬ ಮಿತಿಯನ್ನು ವಿಧಿಸುತ್ತದೆ. ಅಂದರೆ, ನ್ಯಾಯಾಲಯದಲ್ಲಿ ಸಾವಿರ ರೂಪಾಯಿ ದಂಡ ತೆತ್ತು ಪ್ರಕರಣ ಮುಗಿಸಿಕೊಂಡವರಿಗೆ ಅಡ್ಡಿಯಿಲ್ಲ, ಅದೇ ಪ್ರಕರಣವನ್ನು ಹಾಗೆಯೇ ಬಿಟ್ಟವರಿಗೆ ಅಡ್ಡಿಯಿದೆ. ಅಪರಾಧದ ಗಾತ್ರಕ್ಕಿಂತ ಪ್ರಕರಣದ ಸ್ಥಿತಿಯೇ ಇಲ್ಲಿ ಮುಖ್ಯವೆಂಬುದನ್ನು ಅರ್ಜಿದಾರರು ಗಮನಿಸಬೇಕು.

ಉದಾಹರಣೆಗೆ, ಹಂಸಭಾವಿಯ ಯುವಕರೊಬ್ಬರ ಬೈಕು ಸಂತೆಯ ದಿನ ಒಬ್ಬರಿಗೆ ತಗುಲಿ ಸಣ್ಣ ಗಾಯವಾಯಿತೆಂದು ಭಾವಿಸೋಣ. ಊರಿನ ಹಿರಿಯರು ಕೂಡಿ ರಾಜಿ ಮಾಡಿಸಿದರು, ಔಷಧೋಪಚಾರದ ಖರ್ಚನ್ನೂ ಕೊಡಿಸಿದರು. ಆದರೆ ಠಾಣೆಯಲ್ಲಿ ದೂರು ದಾಖಲಾಗಿದ್ದು, ಹಿರೇಕೆರೂರಿನ ನ್ಯಾಯಾಲಯಕ್ಕೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿತ್ತು. ಅಜಾಗರೂಕ ಚಾಲನೆಯ ಅಪರಾಧವು (ಹಿಂದಿನ ಭಾರತ ದಂಡ ಸಂಹಿತೆಯ ಕಲಂ 279, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 281) ಊರಿನ ರಾಜಿಯಿಂದ ಮುಕ್ತಾಯವಾಗುವುದಿಲ್ಲ. ಮೂರು ವರ್ಷಗಳ ತರುವಾಯ ದುಬೈಯಲ್ಲಿ ಕೆಲಸ ದೊರೆತು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ, ತಾವು ಮರೆತ ಪ್ರಕರಣವು ಪೊಲೀಸ್ ಪರಿಶೀಲನೆಯಲ್ಲಿ ಹೊರಬೀಳುತ್ತದೆ. ಆ ವೇಳೆಗೆ ಉದ್ಯೋಗದಾತರು ಕೊಟ್ಟ ಗಡುವು ಕಳೆದುಹೋಗಬಹುದು.

ಕೇವಲ ಪ್ರಥಮ ವರ್ತಮಾನ ವರದಿ ದಾಖಲಾಗಿ ತನಿಖೆಯಲ್ಲಿರುವ ಪ್ರಕರಣವನ್ನು ನ್ಯಾಯಾಲಯದಲ್ಲಿ ಬಾಕಿಯಿರುವ ನಡವಳಿಯೆಂದು ಪರಿಗಣಿಸಬಾರದೆಂದು ವಿದೇಶಾಂಗ ಮಂತ್ರಾಲಯವು 2019ರ ಅಕ್ಟೋಬರ್ 10ರ ಜ್ಞಾಪನದಲ್ಲಿ ಸ್ಪಷ್ಟಪಡಿಸಿದೆ. ನ್ಯಾಯಾಲಯವು ಪ್ರಕರಣವನ್ನು ಸಂಜ್ಞೇಯಕ್ಕೆ ತೆಗೆದುಕೊಂಡ ನಂತರವೇ ಸದರಿ ಖಂಡ ಅನ್ವಯಿಸುತ್ತದೆ.

5. ರಾಜಿಗೆ ಅವಕಾಶವಿಲ್ಲದ ಎರಡು ಸಂದರ್ಭಗಳು

(ಅ) ಮದ್ಯಪಾನ ಮಾಡಿ ವಾಹನ ಚಲಾಯಿಸುವುದು (ಕಲಂ 185). ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 10,000 ದಂಡ ಅಥವಾ ಎರಡೂ.

(ಆ) ಅಪ್ರಾಪ್ತ ವಯಸ್ಕರಿಗೆ ವಾಹನ ಕೊಡುವುದು (ಕಲಂ 199ಎ). ಇದರಲ್ಲಿ ಪೋಷಕರು ಅಥವಾ ವಾಹನದ ಮಾಲೀಕರೇ ಹೊಣೆಗಾರರು. ಮೂರು ವರ್ಷದವರೆಗೆ ಕಾರಾವಾಸ ಹಾಗೂ ರೂ. 25,000 ದಂಡಕ್ಕೆ ಅವಕಾಶವಿದೆ. ಮಗನು ಕಾಲೇಜಿಗೆ ಬೈಕಿನಲ್ಲಿ ಹೋದ ಕಾರಣ ತಂದೆಯ ಮೇಲೆ ಪ್ರಕರಣವಾಗಿ, ಅದು ಬಾಕಿಯಿರುವಾಗ ಅವರು ಹಜ್ ಯಾತ್ರೆಗೆ ಪಾಸ್‌ಪೋರ್ಟ್ ಕೋರಿದಲ್ಲಿ ಮೇಲೆ ಹೇಳಿದ ಅಡ್ಡಿಯೇ ಎದುರಾಗುತ್ತದೆ.

6. ಪೌರತ್ವ ಹಾಗೂ ಸಾಗರೋತ್ತರ ಭಾರತೀಯ ನಾಗರಿಕರ ನೋಂದಣಿ

1955ರ ಪೌರತ್ವ ಅಧಿನಿಯಮದ ಮೂರನೇ ಅನುಸೂಚಿಯ ಪ್ರಕಾರ ದೇಶೀಕರಣದ ಮೂಲಕ ಪೌರತ್ವ ಕೋರುವವರು ಸನ್ನಡತೆಯುಳ್ಳವರಾಗಿರಬೇಕು. ಸನ್ನಡತೆ ಎಂದರೇನೆಂಬ ವ್ಯಾಖ್ಯೆಯು ಅನುಸೂಚಿಯಲ್ಲಿಲ್ಲ. ಆದ್ದರಿಂದ ದಂಡದ ರಸೀದಿಗಳನ್ನು ಹಾಗೂ ನ್ಯಾಯಾಲಯದ ಆದೇಶಗಳನ್ನು ಅರ್ಜಿದಾರರು ಕಾಯ್ದಿಟ್ಟುಕೊಳ್ಳುವುದು ಒಳಿತು.

ಸಾಗರೋತ್ತರ ಭಾರತೀಯರ ವಿಷಯದಲ್ಲಿ ಈ ಪ್ರಶ್ನೆಯು ಸಂಸತ್ತಿನ ಮುಂದೆಯೇ ಬಂದಿತ್ತು. 2016ರ ತಿದ್ದುಪಡಿ ವಿಧೇಯಕದಲ್ಲಿ ಯಾವುದೇ ಕಾನೂನನ್ನು ಉಲ್ಲಂಘಿಸಿದರೂ ನೋಂದಣಿ ರದ್ದುಪಡಿಸಬಹುದೆಂದಿತ್ತು. ವಾಹನವನ್ನು ನಿಷೇಧಿತ ಸ್ಥಳದಲ್ಲಿ ನಿಲ್ಲಿಸಿದ್ದಕ್ಕೂ ಇದು ಅನ್ವಯಿಸಬಹುದೆಂಬ ಆಕ್ಷೇಪಣೆ ಬಂದಿತು. 2019ರಲ್ಲಿ ಅಂಗೀಕೃತವಾದ ಪಾಠದಲ್ಲಿ ಕೇಂದ್ರ ಸರ್ಕಾರವು ಅಧಿಸೂಚಿಸುವ ಕಾನೂನುಗಳಿಗೆ ಮಾತ್ರ ಇದನ್ನು ಸೀಮಿತಗೊಳಿಸಿ, ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಲಾಯಿತು. 2025ರ ಆಗಸ್ಟ್ ತಿಂಗಳ ಅಧಿಸೂಚನೆಯಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಕಾರಾವಾಸ, ಅಥವಾ ಏಳು ವರ್ಷ ಇಲ್ಲವೇ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ ದೋಷಾರೋಪಣೆ ಎಂಬ ಮಾನದಂಡಗಳನ್ನು ಹೇಳಲಾಗಿದೆ. ಸಾಮಾನ್ಯ ಸಂಚಾರ ದಂಡವು ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

7. ಹೊರದೇಶಗಳಲ್ಲಿರುವ ನಮ್ಮವರು

ಬ್ರಿಟನ್ನಿನ ಪೌರತ್ವದ ಮಾರ್ಗಸೂಚಿಯಲ್ಲಿ ಪಾವತಿಸಲಾದ ಒಂದು ಸಂಚಾರ ದಂಡವು ಸಾಮಾನ್ಯವಾಗಿ ತಿರಸ್ಕಾರಕ್ಕೆ ಕಾರಣವಲ್ಲ. ಅಲ್ಪಾವಧಿಯಲ್ಲಿ ಹಲವು ದಂಡಗಳಾದರೆ ಅಥವಾ ತೆರದೆ ನ್ಯಾಯಾಲಯಕ್ಕೆ ಹೋದರೆ ಮಾತ್ರ ಪ್ರಶ್ನೆ ಏಳುತ್ತದೆ. ಕೆನಡಾದಲ್ಲಿ 2018ರ ಡಿಸೆಂಬರ್ 18ರಿಂದ ಮದ್ಯಪಾನ ಚಾಲನೆಯ ಗರಿಷ್ಠ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಏರಿಸಿದ್ದರಿಂದ ಅದು ವಲಸೆ ಕಾನೂನಿನಲ್ಲಿ ಗಂಭೀರ ಅಪರಾಧವಾಗಿದೆ. ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಅನೇಕ ವಿದೇಶೀ ವಿದ್ಯಾರ್ಥಿಗಳ ದಾಖಲೆಗಳನ್ನು ರದ್ದುಪಡಿಸಲಾಗಿದ್ದು, ಅವರಲ್ಲಿ ಕೆಲವರ ಮೇಲಿದ್ದುದು ಸಣ್ಣ ಸಂಚಾರ ಪ್ರಕರಣ ಮಾತ್ರ. ಮೊಕದ್ದಮೆಗಳ ನಂತರ ಅದೇ ತಿಂಗಳಲ್ಲಿ ದಾಖಲೆಗಳನ್ನು ಮರುಸ್ಥಾಪಿಸುವುದಾಗಿ ಅಲ್ಲಿನ ಸರ್ಕಾರ ತಿಳಿಸಿತು. 2025ರ ಆಗಸ್ಟ್ 15ರ ಪೌರತ್ವದ ಜ್ಞಾಪನದಲ್ಲಿ ಪದೇ ಪದೇ ಮಾಡುವ ಸಂಚಾರ ಉಲ್ಲಂಘನೆಗಳನ್ನೂ ನಡತೆಯ ಪರಿಶೀಲನೆಯಲ್ಲಿ ಸೇರಿಸಲಾಗಿದೆ.

8. ಅರ್ಜಿದಾರರು ಕೈಗೊಳ್ಳಬೇಕಾದ ಕ್ರಮಗಳು

1) ಅರ್ಜಿ ಸಲ್ಲಿಸುವ ಮುನ್ನ ಇ-ಚಲನ್ ಜಾಲತಾಣದಲ್ಲಿ ವಾಹನದ ಸಂಖ್ಯೆಯನ್ನೂ, ಇ-ಕೋರ್ಟ್ಸ್ ಜಾಲತಾಣದಲ್ಲಿ ತಮ್ಮ ಹೆಸರನ್ನೂ ಪರಿಶೀಲಿಸುವುದು.

2) ವಾಹನ ಮಾರಿದ್ದರೆ ನೋಂದಣಿ ಪತ್ರವು ಕೊಂಡವರ ಹೆಸರಿಗೆ ವರ್ಗಾವಣೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು. ಇಲ್ಲವಾದಲ್ಲಿ ಅವರ ತಪ್ಪಿನ ನೋಟೀಸು ತಮಗೇ ಬರುತ್ತದೆ.

3) ಬಾಕಿ ದಂಡವನ್ನು ಪಾವತಿಸಿ ರಸೀದಿ ಇಟ್ಟುಕೊಳ್ಳುವುದು. 2023ರಲ್ಲಿ ಹಾಗೂ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ರಾಜ್ಯದಲ್ಲಿ ಶೇ. 50 ರಿಯಾಯಿತಿ ನೀಡಲಾಗಿತ್ತು. ಮುಂದೆಯೂ ರಿಯಾಯಿತಿ ಬರಬಹುದೆಂದು ಕಾಯುವುದು ಸೂಕ್ತವಲ್ಲ.

4) ಪ್ರಕರಣ ನ್ಯಾಯಾಲಯದಲ್ಲಿದ್ದರೆ ಹಾಜರಾಗಿ ಇತ್ಯರ್ಥಪಡಿಸಿಕೊಂಡು ತೀರ್ಪಿನ ದೃಢೀಕೃತ ನಕಲು ಪಡೆಯುವುದು. ತಪ್ಪೊಪ್ಪಿಗೆಯು ಶಿಕ್ಷೆಯಾಗಿ ದಾಖಲಾಗುವುದರಿಂದ ಮೊದಲು ವಕೀಲರ ಸಲಹೆ ಪಡೆಯಬೇಕು. ಅರ್ಹರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಪಡೆಯಬಹುದು.

5) ಪ್ರಕರಣ ಬೇಗ ಮುಗಿಯದಿದ್ದರೆ, 1993ರ ಆಗಸ್ಟ್ 25ರ ಅಧಿಸೂಚನೆಯ ಮೇರೆಗೆ ಹೊರದೇಶಕ್ಕೆ ತೆರಳಲು ಅದೇ ನ್ಯಾಯಾಲಯದ ಅನುಮತಿ ಪಡೆದು ಪಾಸ್‌ಪೋರ್ಟ್ ಕೋರಬಹುದು. ಆದೇಶದಲ್ಲಿ ಅವಧಿ ನಮೂದಿಸದಿದ್ದರೆ ಒಂದು ವರ್ಷಕ್ಕೆ ನೀಡಲಾಗುತ್ತದೆ.

6) ಯಾವುದನ್ನೂ ಮರೆಮಾಚದಿರುವುದು. ಮಾಹಿತಿ ಮುಚ್ಚಿಟ್ಟು ಪಾಸ್‌ಪೋರ್ಟ್ ಪಡೆಯುವುದು 12ನೇ ಕಲಮಿನಡಿ ಎರಡು ವರ್ಷದವರೆಗೆ ಕಾರಾವಾಸಕ್ಕೆ ಗುರಿಪಡಿಸಬಹುದಾದ ಅಪರಾಧ. ಮೂಲ ಸಂಚಾರ ಅಪರಾಧಕ್ಕಿಂತ ಇದರ ಶಿಕ್ಷೆಯೇ ಅನೇಕ ವೇಳೆ ಹೆಚ್ಚಿನದು.

9. ಸಮಾರೋಪ

ದಂಡ ತೆತ್ತ ಕಾರಣಕ್ಕೆ ಯಾರೂ ಪಾಸ್‌ಪೋರ್ಟ್ ಕಳೆದುಕೊಳ್ಳುವುದಿಲ್ಲ. ಗಮನಿಸದೆ ಬಿಟ್ಟ ಸಮನ್ಸು ಹಾಗೂ ಬರೆಯದೆ ಬಿಟ್ಟ ಉತ್ತರಗಳಿಂದಲೇ ಅಡಚಣೆಗಳು ಉಂಟಾಗುತ್ತವೆ. ಇವೆರಡನ್ನೂ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಲು ಸಾಧ್ಯವಿದ್ದು, ಸಾರ್ವಜನಿಕರು ಇದರ ಪ್ರಯೋಜನ ಪಡೆಯಬೇಕಾಗಿ ಕೋರಲಾಗಿದೆ.