ಹತ್ತುವ ಮೀನು, ಇಳಿಯುವ ಮೀನು

ಮೃಗಶಿರ ಮಳೆ ಹಿಡಿದು ಎರಡು ದಿನ ಬಿಡದೆ ಹೊಯ್ದರೆ ನಮ್ಮ ಬ್ಯಾಕೋಡು ಕಡೆ ಗಂಡಸರ ಕಿವಿಯೆಲ್ಲ ಹಳ್ಳದ ಕಡೆಗೇ. ನೀರಿನ ಸದ್ದು ದಪ್ಪವಾಯಿತು ಅಂದರೆ ಟಾರ್ಚು, ಕತ್ತಿ, ಗೋಣಿಚೀಲ ಹೊರಗೆ ಬರುತ್ತವೆ. "ಮೀನು ಹತ್ತಕ್ಕೆ ಶುರು ಮಾಡಿದಾವಂತೆ" ಎಂದು ಯಾರಾದರೂ ಒಂದು ಮಾತು ಆಡಿದರೆ ಸಾಕು, ಆ ರಾತ್ರಿ ಯಾರಿಗೂ ನಿದ್ದೆಯಿಲ್ಲ.

ಮಲೆನಾಡಿನವರಲ್ಲದ ಓದುಗರಿಗೆ ಹೇಳಬೇಕು. ಹತ್ತು ಮೀನು ಅಂದರೆ ಲೆಕ್ಕದ ಹತ್ತಲ್ಲ. ಮೊದಲ ಮಳೆಯ ಕೆಂಪು ನೀರಿಗೆ ಎದುರಾಗಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನು. ಕೆಲವು ಕಡೆ ಇದನ್ನೇ ಏರು ಮೀನು ಅನ್ನುತ್ತಾರೆ. ಪರದೇಶದ ಸಾಲ್ಮನ್ ಮೀನು ಸಮುದ್ರ ಬಿಟ್ಟು ನದಿ ಹತ್ತುವುದನ್ನು ಟೀವಿಯಲ್ಲಿ ನೋಡಿ ಬೆರಗಾಗುತ್ತೇವಲ್ಲ, ನಮ್ಮ ಮುರುಗೋಡು, ಅವಲು, ಕುಚ್ಚು ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. ಇವು ಸಮುದ್ರದಿಂದ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಇವು ಬರುವುದು ಶರಾವತಿ ಹಿನ್ನೀರಿನಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತಗ್ಗಿನ ಊರು, ಗದ್ದೆಗಳೆಲ್ಲ ನೀರಿನಡಿ ಹೋದವು. ಬೇಸಿಗೆ ಕೊನೆಗೆ ಹಿನ್ನೀರು ದೂರ ಸರಿದು, ಸತ್ತ ಮರದ ಬುಡಗಳು ಎದ್ದು ನಿಂತಿರುತ್ತವೆ. ಮಳೆ ಬಂದಾಗ ಹಳ್ಳಗಳು ಆ ಬುಡಗಳ ನಡುವೆ ಹರಿದು ಹಿನ್ನೀರು ಸೇರುತ್ತವೆ. ಅದೇ ದಾರಿ ಹಿಡಿದು ಮೀನು ಮೇಲೆ ಬರುತ್ತದೆ. ಮುರುಗೋಡು, ಕುಚ್ಚುಗಳಿಗೆ ಗಾಳಿಯನ್ನೇ ಉಸಿರಾಡುವ ಶಕ್ತಿಯಿದೆ. ಹಾಗಾಗಿ ಪಾದ ಮುಳುಗದಷ್ಟು ನೀರಿದ್ದರೂ ಹುಲ್ಲಿನ ಮೇಲೆ ಹೊರಳಾಡಿಕೊಂಡು ಗದ್ದೆ ಸೇರುತ್ತವೆ.

ಅವು ಇಷ್ಟು ಕಷ್ಟಪಟ್ಟು ಬರುವುದು ಮೊಟ್ಟೆಯಿಡಲು. ಹೊಳೆಯ ಸೆಳವಿನಲ್ಲಿ ಮೊಟ್ಟೆ ನಿಲ್ಲುವುದಿಲ್ಲ. ಗದ್ದೆಯ ನಿಂತ ನೀರು ಬೆಚ್ಚಗಿರುತ್ತದೆ, ಸಣ್ಣ ಹುಳುಹುಪ್ಪಟೆ ಧಾರಾಳ, ದೊಡ್ಡ ಮೀನಿನ ಕಾಟ ಕಡಿಮೆ. ಮೊಟ್ಟೆ ಒಂದೆರಡು ದಿನದಲ್ಲೇ ಒಡೆಯುತ್ತದೆ. ಅವಲಿನ ಜಾತಿಯವಂತೂ ಮರಿಗಳ ಗುಂಪನ್ನು ಬಿಟ್ಟು ಕದಲದೆ ಕಾಯುತ್ತವೆ. ಗದ್ದೆ ಅಂದರೆ ಮೀನಿನ ಬಾಣಂತಿ ಕೋಣೆ. ನಾವು ಕತ್ತಿ ಹಿಡಿದು ಕಾಯುವುದು ಆ ಕೋಣೆಯ ಬಾಗಿಲಲ್ಲಿ.

ನಮ್ಮತ್ತೆ ಹತ್ತು ಮೀನನ್ನು ಕೊಯ್ಯಲು ಕೂತಾಗೆಲ್ಲ ಗೊಣಗುತ್ತಾರೆ: "ನೋಡೇ, ಹೊಟ್ಟೆ ತುಂಬ ತತ್ತಿ. ಬಸುರಿ ಬಾಗ್ಲಿಗೆ ಬಂದಾಗ ಕತ್ತಿ ಎತ್ತಬಾರ್ದು ಕಣೇ." ಹಾಗಂತ ವಾಟೆಹುಳಿ ಹಾಕಿ ಅವರು ಮಾಡುವ ಸಾರನ್ನು ಯಾರೂ ಬಿಡುವುದಿಲ್ಲ, ಅವರೂ ಬಿಡುವುದಿಲ್ಲ. ಮೈದುನನ ವಾದ ಬೇರೆ. "ಅಜ್ಜನ ಕಾಲದಿಂದ ಮಾಡ್ಕಂಡು ಬಂದಿದ್ದು ಅತ್ತಿಗೆ. ನಾವು ಬಿಟ್ರೆ ಕೆಳಗಿನ ಹಳ್ಳದೋರು ಹಿಡೀತಾರೆ. ಮೀನು ಉಳಿಯಲ್ಲ, ನಮ್ಗೆ ಸಾರೂ ಇಲ್ಲ."

ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ನಾಟಿ ಮುಗಿಯುವ ತನಕ ಕೈಯಲ್ಲಿ ಕಾಸಿಲ್ಲದ ಮನೆಗಳಿಗೆ ಹತ್ತು ಮೀನೇ ಮಳೆಗಾಲದ ಮೊದಲ ಒಳ್ಳೆ ಊಟವಾಗಿತ್ತು. ಆದರೆ ಅಜ್ಜನ ಕಾಲದ ಶಿಕಾರಿ ಈಗಿನದ್ದಲ್ಲ. ಆಗ ಸೂಡಿಯ ಬೆಳಕು ಮಳೆಗೆ ಆರಿದರೆ ಮನೆಗೆ ವಾಪಸ್ಸು. ಈಗಿನ ಹೆಡ್‌ಲೈಟು ಬೆಳಗಿನ ತನಕ ಆರುವುದಿಲ್ಲ. ಬಿದಿರು ಕಡ್ಡಿಯ ಕೂಣಿಯ ಸಂದಿಯಲ್ಲಿ ಮರಿ ಮೀನು ನುಸುಳಿ ಹೋಗುತ್ತಿತ್ತು. ಹಳ್ಳಕ್ಕೆ ಅಡ್ಡ ಕಟ್ಟಿದ ಸೊಳ್ಳೆಪರದೆಯಲ್ಲಿ ಯಾವುದೂ ನುಸುಳುವುದಿಲ್ಲ. ಗದ್ದೆಗಳು ಅಡಿಕೆ ತೋಟವಾಗಿವೆ. ಉಳಿದ ಗದ್ದೆಗೆ ಕಳೆನಾಶಕ ಬೀಳುತ್ತದೆ. ಹತ್ತಿ ಬಂದ ಮೀನಿಗೆ ಹೋಗಲು ಜಾಗವೇ ಕಡಿಮೆ.

ಇನ್ನೊಂದು ಬದಲಾವಣೆಯೂ ಆಗಿದೆ. ಸಂಜೆ ಲಾಂಚ್ ನಿಂತಿತೆಂದರೆ ನಮ್ಮದು ಬೇರೆಯೇ ಲೋಕವಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರ್ ಉದ್ದದ ಆ ಸೇತುವೆ ನಮಗೆ ಆಸ್ಪತ್ರೆ, ಕಾಲೇಜು ಎಲ್ಲವನ್ನೂ ಹತ್ತಿರ ತಂದಿದೆ. ಅದು ಬೇಕೇ ಬೇಕಿತ್ತು. ಆದರೆ ಮೃಗಶಿರದ ಹೊತ್ತಿಗೆ ಸೇತುವೆ ಇರುವುದು ಈ ವರ್ಷವೇ ಮೊದಲು. ಪೇಟೆಯಿಂದ ಮೋಜಿಗೆ ಬರುವವರಿಗೂ ಇನ್ನು ರಾತ್ರಿಯೆಲ್ಲ ದಾರಿ ಇದೆ.

ಈ ಕಣಿವೆಯಲ್ಲಿ ಏನೇನಿದೆ ಎಂದು ಪೂರ್ತಿ ಗೊತ್ತಾಗುವ ಮೊದಲೇ ಕಳೆದುಕೊಳ್ಳುತ್ತೇವೇನೋ ಅನ್ನಿಸುತ್ತದೆ. 2006ರಲ್ಲಿ ವಿಜ್ಞಾನಿಗಳು ಇಲ್ಲಿನ ಎರಡು ಪುಟ್ಟ ಮೀನುಗಳಿಗೆ ಹೊಸ ಜಾತಿಗಳೆಂದು ಹೆಸರಿಟ್ಟರು. ಒಂದಕ್ಕೆ ಶರಾವತಿಯ ಹೆಸರು, ಇನ್ನೊಂದಕ್ಕೆ ಕೊಲ್ಲೂರು ದಾರಿಯ ನಾಗೋಡಿಯ ಹೆಸರು. ಎಷ್ಟೋ ಕಾಲದಿಂದ ನಮ್ಮ ಹಳ್ಳಗಳಲ್ಲಿದ್ದ ಮೀನು ಲೋಕಕ್ಕೆ ಪರಿಚಯವಾಗಿ ಇಪ್ಪತ್ತು ವರ್ಷ ಆಗಿದೆ ಅಷ್ಟೇ.

ಮೀನುಗಾರಿಕೆ ಇಲಾಖೆ ಮುಂಗಾರಿನ ಆರಂಭದಲ್ಲಿ ಮೀನು ಹಿಡಿಯಬಾರದೆಂದು ನಿಷೇಧ ಹಾಕುತ್ತದೆ. ಸರಿಯಾದ್ದೇ. ಆದರೆ ಸುರಿವ ಮಳೆಯ ನಡುರಾತ್ರಿ ಪ್ರತಿ ಹಳ್ಳದ ಬದಿಗೂ ಒಬ್ಬ ಅಧಿಕಾರಿ ಬಂದು ನಿಲ್ಲಲಾಗುತ್ತದೆಯೇ? ಅಲ್ಲಿ ನಿಂತಿರುವವರು ನಾವೇ. ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ತುಂಗಾ ನದಿಯ ಮೀನುಗಳಿಗೆ ಜನ ಅಕ್ಕಿ, ಮಂಡಕ್ಕಿ ಹಾಕುತ್ತಾರೆ, ಹಿಡಿಯುವುದಿಲ್ಲ. ಅದು ದೇವರ ಮೀನು ಎಂಬ ಒಂದು ನಂಬಿಕೆಯೇ ಅಲ್ಲಿ ಕಾವಲು. ನಮ್ಮ ಹಳ್ಳದ ಮೀನಿಗೆ ದೇವಸ್ಥಾನವಿಲ್ಲ. ಊರಿನವರ ಮಾತೇ ಆಗಬೇಕು.

ಆ ಮಾತು ದೊಡ್ಡದೇನಲ್ಲ. ಹತ್ತುವ ಮೀನನ್ನು ಬಿಡೋಣ, ಇಳಿಯುವ ಮೀನನ್ನು ತಿನ್ನೋಣ. ಮಳೆ ಹೊಳವಾಗಿ ಗದ್ದೆಯ ನೀರು ಇಳಿಯುವಾಗ ಮೀನೂ ಹೊಳೆಗೆ ವಾಪಸ್ಸಾಗುತ್ತದೆ. ಹತ್ತುವ ಮೀನಿಗೆ ಕೂಣಿಯ ಬಾಯಿ ಕೆಳಗಡೆಗೆ, ಇಳಿಯುವ ಮೀನಿಗೆ ಮೇಲ್ಗಡೆಗೆ ಇಡುತ್ತಾರೆ. ಕೂಣಿ ಅದೇ, ಬಾಯಿ ತಿರುಗಿಸಿದರಾಯಿತು. ಅಷ್ಟರಲ್ಲಿ ಮೊಟ್ಟೆ ಮರಿಯಾಗಿರುತ್ತದೆ, ಕಡ್ಡಿಯ ಸಂದಿಯಲ್ಲಿ ಮರಿ ದಾಟಿಕೊಳ್ಳುತ್ತದೆ. ಸಾರಿಗೂ ಮೋಸವಿಲ್ಲ. ಜೊತೆಗೆ, ರಸ್ತೆಯ ಮೋರಿ ಪೈಪು ಹಳ್ಳದಿಂದ ಮೇಲೆ ನೇತಾಡುತ್ತಿದ್ದರೆ ಅದರ ಬುಡಕ್ಕೆ ನಾಲ್ಕು ಕಲ್ಲು ಮೆಟ್ಟಿಲಿನಂತೆ ಜೋಡಿಸಿದರೆ ಮೀನು ಹತ್ತೀತು.

ಮೈದುನನ ಪ್ರಶ್ನೆ ಇನ್ನೂ ಬಾಕಿಯಿದೆ: ಕೆಳಗಿನವರು ಹಿಡಿದರೆ? ಅದಕ್ಕೇ ಈ ಸಲ ನಮ್ಮ ಹಳ್ಳದ ಬದಿಯ ಮನೆಗಳಿಗೆಲ್ಲ ಹೋಗಿ ಕೇಳುವುದೆಂದು ಅತ್ತೆಯೂ ನಾನೂ ಮಾತಾಡಿಕೊಂಡಿದ್ದೇವೆ. "ಮೊದ್ಲು ಕೆಳಗಿನ ಮನೆಗೇ ಹೋಗಾಣ" ಎಂದಿದ್ದಾರೆ ಅತ್ತೆ. ಮೀನು ಮೊದಲು ಹಾಯುವುದು ಆ ಮನೆ ಮುಂದೆಯೇ ಅಲ್ಲವೇ?